ಎಷ್ಟು ಪಾವಟಿಗೆ?

ಚಿಕ್ಕಂದಿನಲ್ಲಿ ನಾನು ಕೇಳಿದ ಕಥೆ ಹೀಗಿತ್ತು. ಸತ್ತುಹೋಗಿದ್ದ ಟೆಲಿಫೋನನ್ನು ಆಶ್ರಮದ ಗುರು ಅಡವಯ್ಯಜ್ಜನವರು ಬೆತ್ತದಿಂದ ಮೂರು ಸಲ ತಟ್ಟಿದರು, ಸಂಸ್ಕೃತದಲ್ಲಿ ಒಂದು ಮಂತ್ರ ನುಡಿದರು. ಅದು ಮಾತಾಡಿತು. ಹೊಳೆಯ ಆಚೆಗಿದ್ದ ಕಳ್ಳ ಶಿಷ್ಯ ಆ ಕ್ಷಣವೇ ತಪ್ಪೊಪ್ಪಿಕೊಂಡ.

ನನಗೆ ನಂಬಿಕೆ ಬರಲಿಲ್ಲ. ಬೆತ್ತ ಒಬ್ಬರ ಬಾಯಲ್ಲಿ ಬೇವಿನದಾಗಿತ್ತು, ಇನ್ನೊಬ್ಬರ ಬಾಯಲ್ಲಿ ಬೆಳ್ಳಿ ಕಟ್ಟಿನದು. ಕಳ್ಳ ಕದ್ದದ್ದೇನು ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ. ಅಜ್ಜನವರು ಕಾವಿ ಉಡುವ ಮೊದಲು ಹನ್ನೊಂದು ವರ್ಷ ಒಂದು ರೈಲು ನಿಲ್ದಾಣದಲ್ಲಿ ತಂತಿ ರಿಪೇರಿ ಮಾಡುತ್ತಿದ್ದರೆಂಬುದನ್ನಂತೂ ಎಲ್ಲರೂ ಬಿಟ್ಟೇಬಿಡುತ್ತಿದ್ದರು.

ವಿಚಾರಿಸುತ್ತ ಹೋದಾಗ ನನ್ನ ಕೈಯಲ್ಲಿ ಉಳಿದ ಕಥೆ ಇದು.

ಆಶ್ರಮ ಹೊಳೆಯ ಈ ದಡದಲ್ಲಿತ್ತು, ಅದರ ದವಸದ ಕೋಣೆ ಆ ದಡದಲ್ಲಿ. ನಡುವೆ ಒಂದು ತಂತಿ. ತಂತಿಯ ಎರಡು ತುದಿಗಳಲ್ಲಿ ಎರಡು ಪುರಾತನ ಟೆಲಿಫೋನುಗಳು: ಗೋಡೆಗೆ ತೂಗುಹಾಕಿದ ತೇಗದ ಪೆಟ್ಟಿಗೆ, ಎದುರಿಗೆ ಮಾತಾಡುವ ಹಿತ್ತಾಳೆಯ ಬಾಯಿ, ಪಕ್ಕದಲ್ಲಿ ಒಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಆಚೆಯ ಗಂಟೆ ಬಾರಿಸುತ್ತಿತ್ತು. ಅಜ್ಜನವರು ಅವನ್ನು ಗುಜರಿಯಿಂದ ತಂದು ತಾವೇ ಜೋಡಿಸಿದ್ದರು.

ಹೊಳೆ ತುಂಬಿದಾಗ ಒಂದು ಕ್ರಮವಿತ್ತು. ಸ್ನಾನಘಟ್ಟದ ಪಾವಟಿಗೆಗಳಲ್ಲಿ, ಅಂದರೆ ಮೆಟ್ಟಿಲುಗಳಲ್ಲಿ, ಎಷ್ಟು ಮುಳುಗಿವೆ ಎಂದು ಈ ದಡದವರು ನೋಡಿ ಹೇಳಬೇಕು. ಅದನ್ನು ಕೇಳಿಯೇ ಆ ದಡದ ಅಂಬಿಗ ಹರಿಗೋಲು ಬಿಡುತ್ತಿದ್ದ. ಕೇಳದೆ ಬಿಡುತ್ತಿರಲಿಲ್ಲ.

ಊಟಕ್ಕೂ ಒಂದು ಪದ್ಧತಿಯಿತ್ತು. ದವಸ ಕಾಯುವ ಶಿಷ್ಯನಿಗಾಗಿ ಮಧ್ಯಾಹ್ನದ ಪಂಕ್ತಿಯಲ್ಲಿ ದಿನವೂ ಒಂದು ಖಾಲಿ ಎಲೆ ಹಾಕುತ್ತಿದ್ದರು. ಎಲೆ ಇರುವವರೆಗೆ ಅವನು ಆಶ್ರಮದವನು. ಎಲೆ ನಿಂತರೆ ಅಲ್ಲ. ಬೇರೆ ಆಜ್ಞೆಯ ಅಗತ್ಯವಿರಲಿಲ್ಲ.

ಆ ವರ್ಷ ದವಸ ಕಾಯುತ್ತಿದ್ದವನು ದುರುಗಪ್ಪ. ಈ ದಡದ ಟೆಲಿಫೋನನ್ನು ನೋಡಿಕೊಳ್ಳುತ್ತಿದ್ದವನು ಚನ್ನಮಲ್ಲ.

ಶ್ರಾವಣದ ಒಂಬತ್ತನೆಯ ದಿನ ಬೆಳಿಗ್ಗೆ ಚನ್ನಮಲ್ಲ ಅಜ್ಜನವರ ಮುಂದೆ ಬಂದು ನಿಂತ.

"ಅಜ್ಜಾರ, ದುರುಗಪ್ಪನ ಮ್ಯಾಲೆ ನನಗ ಸಂಶೆ ಐತ್ರಿ."

"ಏನಂತ?"

"ಒಂಬತ್ತು ದಿನದಿಂದ ಹೇಳಾಕತ್ತೇನಿ. ಜ್ವಾಳ ಮುಗ್ಯಾಕ ಬಂದೈತಿ, ನಾಕ ಪಾವಟಿಗಿ ಮುಳಗ್ಯಾವು, ಹರಿಗೋಲು ಕಳಸು ಅಂತ. ಅಂವ 'ಎಷ್ಟು ಪಾವಟಿಗಿ?' ಅಂತಾನ. 'ನಾಕು' ಅಂತೀನಿ. ಮತ್ತ 'ಎಷ್ಟು ಪಾವಟಿಗಿ?' ಅಂತಾನ."

"ಅವನ ಮಾತು ನಿನಗ ಚೊಲೋ ಕೇಳಸ್ತೈತೇನು?"

"ಬಾಜೂಕ ಕುಂತಂಗ ಕೇಳಸ್ತೈತ್ರಿ. ಕೆಮ್ಮಿದ್ರೂ ಕೇಳಸ್ತೈತಿ. ಅಂದಮ್ಯಾಲೆ ಯಂತ್ರ ಸರಿ ಐತಿ. ಕೆಟ್ಟಿದ್ದು ಅಂವ."

"ಮತ್ತೇನಂದ?"

"ನಿನ್ನೆ 'ಈ ಚನ್ನಮಲ್ಲನ ನಾಲಿಗಿ ಬಿದ್ದೈತೇನು, ಇಲ್ಲಾ ಬರೇ ಗಂಟಿ ಬಾರಿಸೂದ ಅವನ ಪೂಜಿ ಆಗೈತೇನು' ಅಂದ್ರಿ."

ಅಜ್ಜನವರ ಮೀಸೆ ಅಲುಗಿತು.

"ನಗೂ ಮಾತಲ್ರಿ ಅಜ್ಜಾರ. ದವಸ ಮಾರ್ಕೊಂಡಾನ. ಕಳಸಾಕ ಏನೂ ಉಳದಿಲ್ಲ, ಅದಕ್ಕ ಕಿವುಡನ ಆಟ ಹೂಡ್ಯಾನ."

ಆ ಮಧ್ಯಾಹ್ನ ಚನ್ನಮಲ್ಲ ದುರುಗಪ್ಪನ ಎಲೆ ಹಾಕಲಿಲ್ಲ.

ಅಜ್ಜನವರು ತಮ್ಮ ಮುಂದಿನ ಎಲೆಯನ್ನೆತ್ತಿ ಆ ಖಾಲಿ ಜಾಗದಲ್ಲಿಟ್ಟರು. ಬರಿ ನೆಲವನ್ನು ಮುಂದಿಟ್ಟುಕೊಂಡು ಕುಳಿತರು.

"ಅಜ್ಜಾರ, ನಿಮ್ಮ ಊಟ?"

"ವಿಚಾರ ಮುಗದಿಲ್ಲ. ಮುಗಿಯೂತನಕ ನನಗ ಮಜ್ಜಿಗಿ ಸಾಕು."

ಮರುದಿನ ಬೆಳಿಗ್ಗೆ ಚನ್ನಮಲ್ಲ ಮುಖ ಬಿಗಿದುಕೊಂಡೇ ಕೇಳಿದ.

"ಸಂಶೆ ಪಡೂದು ತಪ್ಪೇನ್ರಿ?"

"ತಪ್ಪಲ್ಲ. ಅದಕ್ಕ ಒಂದು ಕ್ರಮ ಐತಿ. ಹತ್ತಿರದ ಕಡಿಂದ ಶುರು ಮಾಡಬೇಕು. ನೀ ಹೊಳಿ ದಾಟಿ ಶುರು ಮಾಡೀದಿ."

ಅಜ್ಜನವರು ಪೆಟ್ಟಿಗೆಯ ಮುಂದೆ ನಿಂತು ಹಿಡಿಕೆ ತಿರುಗಿಸಿದರು. ರಿಸೀವರನ್ನು ಇಬ್ಬರ ಕಿವಿಗಳ ನಡುವೆ ಹಿಡಿದರು.

"ಹಲೋ," ಎಂದ ಆಚೆಯಿಂದ ದುರುಗಪ್ಪ. "ಎಷ್ಟು ಪಾವಟಿಗಿ?"

"ಗಂಟಿ ಬಾರಿಸ್ತು. ಅಂದ್ರ ತಂತಿ ಹರದಿಲ್ಲ," ಎಂದರು ಅಜ್ಜನವರು. "ಅವನ ಮಾತು ಬಂತು. ಅಂದ್ರ ಅವನ ಬಾಯಿ ಸರಿ ಐತಿ, ನಮ್ಮ ಕಿವಿ ಸರಿ ಐತಿ. ಉಳದದ್ದೇನು?"

"ಅವನ ಕಿವಿ."

"ಇನ್ನೊಂದು?"

ಚನ್ನಮಲ್ಲ ಪೆಟ್ಟಿಗೆಯನ್ನು ಮೇಲಿನಿಂದ ಕೆಳಗೆ ನೋಡಿದ.

"ರಿಸೀವರ ಕಿವೀಗೆ ಹಚ್ಕೊಂಡು ಆ ಬಾಯಾಗ ಊದು. ನಿನ್ನ ಉಸರು ನಿನಗ ಕೇಳಸ್ತೇನು?"

ಅವನು ಊದಿದ. "ಇಲ್ರಿ."

"ಜೋರಾಗಿ ಊದು."

"ಇಲ್ರಿ."

"ಸರಿ ಇರೂ ಯಂತ್ರದಾಗ ಮಾತಾಡಿದವಗ ಅವನ ದನಿ ಒಂದೀಟರ ತಿರುಗಿ ಕೇಳತೈತಿ. ಇಷ್ಟು ದಿನ ನಿನ್ನ ಮಾತು ನಿನಗ ಕೇಳಿಲ್ಲ. ಅವಗ ಹೆಂಗ ಕೇಳಬೇಕು?"

ಅಜ್ಜನವರು ಪೆಟ್ಟಿಗೆ ತೆರೆದು ಒಳಗಿನ ಸೆಲ್ಲುಗಳ ತಂತಿಯ ತುದಿಗಳನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ನಾಲಿಗೆ ಚುರುಗುಟ್ಟಿತು. ಸೆಲ್ಲುಗಳ ಮೇಲಿನ ಸಂಶಯ ತೀರಿತು. ಆಮೇಲೆ ಹಿತ್ತಾಳೆಯ ಬಾಯಿಯನ್ನು ತಿರುಗಿಸಿ ಬಿಚ್ಚಿ, ಒಳಗಿನ ಚಪ್ಪಟೆ ಡಬ್ಬಿಯನ್ನು ಹೊರತೆಗೆದು ಕಿವಿಯ ಹತ್ತಿರ ಅಲುಗಿಸಿದರು.

"ಇದರೊಳಗ ಇದ್ದಲಿ ಕಾಳು ಇರ್ತಾವು, ರವಾದಷ್ಟು ಸಣ್ಣವು. ಸರಸರ ಅನಬೇಕು. ಅನವಲ್ಲವು."

ಡಬ್ಬಿಯ ಅಂಚಿನಲ್ಲಿ ಒಂದು ಹನಿ ಮೂಡಿತು. ಅಜ್ಜನವರು ಅದನ್ನು ಬೆರಳಿನಿಂದ ಒರೆಸಿ ನೋಡಿದರು.

"ಇದನ್ನ ಯಾರು ತೊಳದ್ರು?"

"ನಾನ್ರಿ. ಎಲ್ಲಾರೂ ಬಾಯಿ ಹತ್ತಿರ ಒಯ್ದು ಮಾತಾಡ್ತಾರ, ಎಂಜಲ ಆಗತೈತಿ. ದಿನಾ ಹೊಳಿ ನೀರು ಸುರುವಿ ತೊಳೀತೇನ್ರಿ."

"ಯಾವಾಗಿಂದ?"

"ಶ್ರಾವಣ ಹುಟ್ಟಿದಾಗಿಂದ."

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ಅವನು ನೆಲ ನೋಡಿದ.

ಅಜ್ಜನವರು ಡಬ್ಬಿಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಒಲೆಯಿಂದ ಒಂದು ಮೊಳ ದೂರದಲ್ಲಿಟ್ಟರು.

"ಇನ್ನು ಎರಡು ದಿನ ಇದು ಇಲ್ಲೇ ಇರ್ಲಿ. ಪೆಟಗಿಗೆ ಬಾಯಿಲ್ಲ, ನಿನಗೂ ಇಲ್ಲ. ಅಂವ ಗಂಟಿ ಬಾರಿಸಿದಾಗ ಬರೇ ಕೇಳು."

"ಬಾಯಿ ಕೆಟ್ಟಿತ್ತು, ಒಪ್ಪಿದ್ನಿ," ಎಂದ ಚನ್ನಮಲ್ಲ. "ಆದ್ರ ಅಂವ ದವಸ ಮಾರಿಲ್ಲ ಅಂತ ಹೆಂಗ ಹೇಳೂದ್ರಿ?"

"ನಾ ಹೇಳಿಲ್ಲ. ಕೇಳು ಅಂದೆ."

ಆ ಮಧ್ಯಾಹ್ನವೂ ಅವನು ಆ ಎಲೆ ಹಾಕಲಿಲ್ಲ. ಆ ದಿನವೂ, ಮುಂದಿನ ಎರಡು ದಿನವೂ ಅಜ್ಜನವರ ಎಲೆ ಅದೇ ಜಾಗಕ್ಕೆ ಹೋಯಿತು. ಮೂರನೆಯ ದಿನಕ್ಕೆ ಅವರು ಗೋಡೆ ಹಿಡಿದು ಏಳುವಂತಾಗಿದ್ದರು.

ಹನ್ನೊಂದನೆಯ ದಿನ ಗಂಟೆ ಬಾರಿಸಿತು. ಚನ್ನಮಲ್ಲ ರಿಸೀವರ್ ಹಿಡಿದ.

"ಹಲೋ. ಯಾರರ ಅದೀರೇನ್ರಿ?" ಎಂದ ದುರುಗಪ್ಪ. "ಜ್ವಾಳದ ಚೀಲ ತೋಯಬಾರದಂತ ತಾಡಪತ್ರಿ ಸುತ್ತಿ ದಂಡಿಗೆ ತಂದಿಟ್ಟೇನಿ. ಅಂಬಿಗ ದಿನಾ ಹುಟ್ಟು ಹಿಡಕೊಂಡು ಕುಂದರತಾನ. ಎಷ್ಟು ಪಾವಟಿಗಿ ಅಂತ ಒಂದು ಮಾತು ಹೇಳ್ರಿ."

ಚನ್ನಮಲ್ಲ ಬಾಯಿ ತೆರೆದ. ಎದುರಿಗೆ ತೂತು ಬಿದ್ದ ಹಲಗೆ ಮಾತ್ರ ಇತ್ತು.

ಅದರ ಮರುದಿನ ಮತ್ತೆ ಗಂಟೆ ಬಾರಿಸಿತು. ಈ ಸಲ ದುರುಗಪ್ಪ ಪಾವಟಿಗೆಯ ಮಾತೆತ್ತಲಿಲ್ಲ.

"ಚನ್ನಮಲ್ಲಾ, ನನ್ನ ಮ್ಯಾಲೆ ಸಿಟ್ಟೈತೇನೋ? ಇದ್ರ ಇರ್ಲಿ. ಅಜ್ಜಾರು ಆರಾಮ ಅದಾರೇನು, ಅಷ್ಟರ ಹೇಳು."

ಚನ್ನಮಲ್ಲ ಅಜ್ಜನವರ ಬಳಿಗೆ ಹೋದ. ಅವರ ಲೋಟಕ್ಕೆ ಮಜ್ಜಿಗೆ ತುಂಬಿಟ್ಟು ಬಂದ.

ಹದಿಮೂರನೆಯ ದಿನ ಮಧ್ಯಾಹ್ನ, ಯಾರೂ ಹೇಳದೆಯೇ, ಚನ್ನಮಲ್ಲ ಎಲ್ಲಕ್ಕಿಂತ ಮೊದಲು ದುರುಗಪ್ಪನ ಎಲೆ ಹಾಕಿ ನೀರು ಚಿಮುಕಿಸಿದ.

ಅಜ್ಜನವರು ಅದನ್ನು ನೋಡಿ ಒಲೆಯ ಕಡೆ ನಡೆದರು. ಡಬ್ಬಿಯನ್ನು ಚನ್ನಮಲ್ಲನ ಕಿವಿಯ ಬಳಿ ಅಲುಗಿಸಿದರು. ಸರಸರ ಎಂದಿತು. ಅದನ್ನು ಬಾಯೊಳಗೆ ಕೂಡಿಸಿ, ಕಾಳುಗಳು ಸಡಿಲಾಗಲೆಂದು ಬೆರಳ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿದರು. ಕಥೆಯ ಬೆತ್ತ ಇಷ್ಟೇ ಇದ್ದಿರಬೇಕು.

"ಊದು."

ಚನ್ನಮಲ್ಲ ಊದಿದ. ಒಣಗಿದ ಜೋಳದ ದಂಟಿನೊಳಗೆ ಗಾಳಿ ಹಾದಂತೆ ಅವನ ಉಸಿರು ಅವನ ಕಿವಿಗೇ ಬಂತು.

"ಕೇಳಿಸ್ತ್ರಿ."

"ಹಂಗಾರ ಮಾತಾಡು."

ಚನ್ನಮಲ್ಲ ಘಟ್ಟಕ್ಕೆ ಓಡಿದ. ಪಾವಟಿಗೆಗಳನ್ನು ಎರಡು ಸಲ ಎಣಿಸಿ ಮರಳಿ ಬಂದ. ಹಿಡಿಕೆ ತಿರುಗಿಸಿದ. ಆಚೆಯಿಂದ "ಹಲೋ" ಎಂದು ಕೇಳಿದೊಡನೆ ರಿಸೀವರನ್ನು ಅಜ್ಜನವರ ಕೈಗಿಟ್ಟ.

"ಮೂರ್ರಿ," ಎಂದ. "ನೀವ ಹೇಳ್ರಿ."

ಅಜ್ಜನವರು ಹೇಳಿದರು. ಅವರು ಆಗ ನುಡಿದದ್ದನ್ನೇ ಮುಂದೆ ಎಲ್ಲರೂ ಮಂತ್ರವೆಂದರು.

ನಾನು ಆ ದಡಕ್ಕೆ ಹೋಗಿ ನೋಡಿದ್ದೇನೆ. ದವಸದ ಕೋಣೆಯ ದಿನಚರಿ ಈಗ ದುರುಗಪ್ಪನವರ ಮೊಮ್ಮಗಳ ಬಳಿ ಇದೆ. ಶ್ರಾವಣದ ಆ ಪುಟದಲ್ಲಿ ಮೊದಲ ಹನ್ನೆರಡು ದಿನಗಳ ಸಾಲುಗಳೂ ಒಂದೇ: "ಗಂಟಿ ಆತು. ಮಾತಿಲ್ಲ." ಹದಿಮೂರನೆಯ ಸಾಲಿನಲ್ಲಿ, ಅದೇ ಕೈಬರಹದಲ್ಲಿ, ಅಜ್ಜನವರ ಮಾತು ಕೇಳಿದಂತೆಯೇ ಇದೆ:

"ಮೂರು ಪಾವಟಿಗಿ ಮುಳಗ್ಯಾವು. ಚನ್ನಮಲ್ಲ ನಿನ್ನ ಎಲಿ ಹಾಕ್ಯಾನ. ಉಣ್ಣಾಕ ಬಾ."