ಗುರುವಾರದ ವ್ಯಾನು

"ಗುರುಗಳೇ, ಪಾಠ ಹೇಳಲು ನನ್ನನ್ನು ಹಳ್ಳಿಗೆ ಹೋಗು ಎನ್ನುತ್ತೀರಿ. ಇನ್ನೆರಡು ಗ್ರಂಥ ಓದಿಕೊಂಡು ಹೋದರೆ ತಪ್ಪೇ?" ಎಂದು ಶಿಷ್ಯ ಮಹಾಂತಯ್ಯ ಕೇಳಿದ. ಹೋದ ವರ್ಷವೂ ಅವನು ಇದನ್ನೇ ಕೇಳಿದ್ದ.

ಗುರುಗಳು ಒಂದು ಕತೆ ಹೇಳಿದರು.

ಹೆದ್ದಾರಿಯ ಪಕ್ಕ ಒಬ್ಬ ಮೆಕ್ಯಾನಿಕ್ ಇದ್ದ. ಗುರುವಾರ ಬಂತೆಂದರೆ ಅವನ ಗ್ಯಾರೇಜಿನ ಮುಂದೆ ಒಬ್ಬ ವ್ಯಾಪಾರಿಯ ವ್ಯಾನು ಬಂದು ನಿಲ್ಲುತ್ತಿತ್ತು. ವ್ಯಾನಿನ ತುಂಬ ಸ್ಪ್ಯಾನರು, ಇಕ್ಕಳ, ಜಾಕು. ಮೆಕ್ಯಾನಿಕ್ ವಾರಕ್ಕೊಂದನ್ನು ಕಂತಿನ ಮೇಲೆ ಕೊಳ್ಳುತ್ತಿದ್ದ. ಕೊಂಡದ್ದನ್ನು ಎರಡು ದಿನ ಒರೆಸಿ ಒರೆಸಿ ಇಡುತ್ತಿದ್ದ. ಮೂರನೆಯ ದಿನಕ್ಕೆ ಮನಸ್ಸು ಇನ್ನೊಂದರ ಮೇಲೆ ಹೋಗುತ್ತಿತ್ತು. ಬುಧವಾರವಂತೂ ಕೂತಲ್ಲಿ ಕೂರಲಾರ. ರಸ್ತೆಯಲ್ಲಿ ಯಾವ ಹಾರ್ನ್ ಕೇಳಿದರೂ ಎದ್ದು ಹೊರಗೆ ಬರುತ್ತಿದ್ದ.

ಇಷ್ಟೆಲ್ಲ ಇದ್ದೂ ಅವನು ಮಾಡುತ್ತಿದ್ದುದು ಆಯಿಲ್ ಬದಲಿಸುವ, ಬ್ರೇಕ್ ಬಿಗಿ ಮಾಡುವ ಕೆಲಸ. ಗೇರ್‌ಬಾಕ್ಸ್ ಇಳಿಸಬೇಕೆಂದು ಯಾರಾದರೂ ಬಂದರೆ, "ಅದಕ್ಕೆ ಬೇಕಾದ ಸಾಮಾನು ನನ್ನ ಹತ್ತಿರ ಇಲ್ಲ" ಎಂದು ಮುಂದಿನ ಊರಿಗೆ ಕಳುಹಿಸಿಬಿಡುತ್ತಿದ್ದ.

ಒಂದು ಗುರುವಾರ ಬಂದ ವ್ಯಾನು ಮತ್ತೆ ಹೊರಡಲಿಲ್ಲ. ಕ್ಲಚ್ ಪ್ಲೇಟ್ ಸುಟ್ಟುಹೋಗಿತ್ತು. ಗೇರ್‌ಬಾಕ್ಸ್ ಇಳಿಸದೆ ಗತಿಯಿರಲಿಲ್ಲ.

"ಮೇಸ್ತ್ರಿ, ನೀವೇ ನೋಡಬೇಕು" ಎಂದ ವ್ಯಾಪಾರಿ.

"ಆಗೋದಿಲ್ಲ ಸಾಹುಕಾರ್ರೇ. ಅದನ್ನು ಇಳಿಸುವ ಜಾಕು ನನ್ನಲ್ಲಿಲ್ಲ."

ವ್ಯಾಪಾರಿ ನಕ್ಕು ವ್ಯಾನಿನ ಹಿಂಬಾಗಿಲು ತೆರೆದ. "ಇಲ್ಲೇ ಇದೆಯಲ್ಲ! ಜಾಕೊಂದೇ ಯಾಕೆ, ಏನು ಬೇಕೋ ತಗೊಳ್ಳಿ. ಪೇಟೆಗೆ ಹೋಗಿ ಪ್ಲೇಟ್ ತರುತ್ತೇನೆ" ಎಂದು ಬಸ್ಸು ಹತ್ತಿದ.

ಮೆಕ್ಯಾನಿಕ್ ಇಡೀ ವ್ಯಾನನ್ನು ಜಾಲಾಡಿದ. ಏನಾದರೊಂದು ಇಲ್ಲದಿರಲಿ ಎಂಬುದೇ ಅವನ ಆಸೆ. ಎಲ್ಲವೂ ಇತ್ತು. ಕೆಲಸ ಕಲಿಯುವಾಗ ಒಮ್ಮೆ ಅವನ ಕೈಜಾರಿ ಗೇರ್‌ಬಾಕ್ಸ್ ಕೆಳಗೆ ಬಿದ್ದು ಸೀಳಿಹೋಗಿತ್ತು. ಅಂದಿನಿಂದ ಒಂದನ್ನೂ ಮುಟ್ಟಿರಲಿಲ್ಲ. ಹದಿನೆಂಟು ವರ್ಷದಿಂದ ತಾನು ಏನನ್ನು ಮುಚ್ಚಿಟ್ಟುಕೊಂಡು ಬಂದಿದ್ದೆ ಎಂಬುದು ಆಗ ಅವನಿಗೆ ತಿಳಿಯಿತು.

ಎರಡು ಸಲ ರಸ್ತೆಯವರೆಗೆ ಹೋಗಿ ಬಂದ. ಕೊನೆಗೆ ಜಾಕು ಎಳೆದುಕೊಂಡು ವ್ಯಾನಿನ ಕೆಳಗೆ ನುಸುಳಿದ. ಒಂದು ಬೋಲ್ಟ್ ಮುರಿಯಿತು. ಹೊರಗೆ ಬಂದು ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಮತ್ತೆ ಒಳಗೆ ಹೋದ. ವ್ಯಾಪಾರಿ ಬರುವ ಹೊತ್ತಿಗೆ ಗೇರ್‌ಬಾಕ್ಸ್ ಜಾಕಿನ ಮೇಲೆ ಕೂತಿತ್ತು. ಮೆಕ್ಯಾನಿಕ್‌ನ ಬೆರಳ ಗೆಣ್ಣುಗಳು ತರಚಿ ರಕ್ತ ಒಸರುತ್ತಿತ್ತು. ಸಂಜೆಗೆ ವ್ಯಾನು ಹೊರಟಿತು.

ಮರುವಾರ ವ್ಯಾಪಾರಿ ಬಂದು ಹಾರ್ನ್ ಹೊಡೆದಾಗ ಮೆಕ್ಯಾನಿಕ್ ಒಂದು ಲಾರಿಯ ಕೆಳಗಿದ್ದ. "ಸ್ವಲ್ಪ ತಡೀರಿ, ಕೈಯಲ್ಲಿ ಕೆಲಸ ಇದೆ" ಎಂದ.

ಕತೆ ಮುಗಿಯಿತು. ಮಹಾಂತಯ್ಯನಿಗೆ ಸಮಾಧಾನವಾಗಲಿಲ್ಲ. "ಎಲ್ಲವೂ ಕೈಗೆ ಸಿಕ್ಕಿದ ಮೇಲಲ್ಲವೇ ಅವನು ಕೆಲಸಕ್ಕೆ ಇಳಿದದ್ದು?" ಎಂದ.

ಗುರುಗಳು ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಅವನ ಮುಂದಿಟ್ಟರು.

"ಮಠದ ಪುಸ್ತಕವಷ್ಟೂ ಇಂದಿನಿಂದ ನಿನ್ನದು. ಇನ್ನು ಹೇಳು, ನಿನ್ನ ಹೆದರಿಕೆ ಯಾವುದು?"