ತುಂಗಕ್ಕನ ಚಿರೋಟಿ ಗಾಜು

ಒಂದಾನೊಂದು ಊರಿನಲ್ಲಿ ಬೆಳಕು ಕೋಟೆ ಬಾಗಿಲಿಂದಲೇ ಒಳಗೆ ಬರುತ್ತಿತ್ತು. ಯಾಕೆಂದು ಕೇಳಬೇಡಿ, ಮರ್ಯಾದಸ್ಥ ಬೆಳಕು ಬಾಗಿಲು ಬಿಟ್ಟು ಬೇರೆ ಕಡೆಯಿಂದ ನುಗ್ಗುತ್ತದೆಯೇ? ಆ ಊರಿನ ರಾಜನಿಗೆ ಒಂದೇ ಚಿಂತೆ. ತನ್ನ ಚಿತ್ರಾನ್ನ ಸಾಕಷ್ಟು ಹಳದಿಯಾಗಿಲ್ಲ. ಅಡುಗೆಯವನು ಅರಿಸಿನ ಸುರಿದ, ಸುರಿದ, ಸುರಿದೇ ಸುರಿದ. ಬೆಳಕಿನಲ್ಲಿ ನೀಲಿ ಬೆರೆತಿರುವುದೇ ತೊಂದರೆ ಎಂದು ರಾಜ ತೀರ್ಮಾನಿಸಿದ. ಹಳದಿಯನ್ನಷ್ಟೇ ಒಳಗೆ ಬಿಡುವ ಗಾಜಿನ ಬಾಗಿಲು ಬೇಕೆಂದ.

ಗಾಜಿನವರು ಕೈಚೆಲ್ಲಿದರು. ಆಗ ಚಿರೋಟಿ ಮಾಡುವ ತುಂಗಕ್ಕನನ್ನು ಕರೆಸಿದರು. ಆಕೆ ಗಾಜನ್ನು ಚಿರೋಟಿಯ ಹಾಗೆಯೇ ಲಟ್ಟಿಸಿದಳು. ಒಂದು ತೆಳು ಪದರ, ಅದರ ಮೇಲೆ ಇನ್ನೊಂದು, ಹೀಗೆ ನೂರೊಂದು. ಪದರಗಳು ಬೆಳಕಿನ ಹೆಜ್ಜೆ ಅಳೆದವು. ಹಳದಿಗೆ ದಾರಿ ಬಿಟ್ಟವು. ಕೆಂಪಿನ ಹೆಜ್ಜೆ ಉದ್ದ, ನೀಲಿಯದು ಗಿಡ್ಡ ಎಂದು ಎರಡನ್ನೂ ಬಂದ ದಾರಿಗೇ ಕಳಿಸಿದವು. ನುಂಗಲಿಲ್ಲ, ಬೈಯಲೂ ಇಲ್ಲ.

ಚಿತ್ರಾನ್ನ ಬಂಗಾರವಾಯಿತು. ನೀಲಿ ಬೆಳಕಿಲ್ಲದೆ ತುಂಗಕ್ಕನ ನೀಲಿ ಸೀರೆ ಕಪ್ಪಾಯಿತು. ಆಕೆಯ ಗಂಡ ಶೀನಪ್ಪಯ್ಯನಿಗೆ ಕಣ್ಣು ಮಂಜು. ನಲವತ್ತು ವರ್ಷದಿಂದ ಆ ನೀಲಿಯನ್ನೇ ನೋಡಿಕೊಂಡು ಮನೆ ಸೇರುತ್ತಿದ್ದ. ಈಗ ಬೀದಿಯಲ್ಲಿ ನಿಂತು "ಇವಳೇ" ಎಂದು ಕೂಗಿದ. ಹನ್ನೊಂದು ಹೆಂಗಸರು ತಿರುಗಿದರು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಆ ಊರಲ್ಲಿ ಇರಲಿಲ್ಲವಲ್ಲ. ತುಂಗಕ್ಕನೇ ಎದುರು ಬಂದು ನಿಂತರೂ, ನನ್ನವಳು ನೀಲಿ, ನೀನು ಕಪ್ಪು ಎಂದು ಮುಂದೆ ಹೋದ.

ಗಾಜು ತೆಗೆಸಿ ಎಂದು ರಾಜನನ್ನು ಬೇಡಿದಳು. ತೆಗೆಯದೆ, ಒಡೆಯದೆ ನೀಲಿ ತರುವುದಾದರೆ ತಾ ಎಂದ ರಾಜ.

ತುಂಗಕ್ಕ ಗಾಜಿನ ಬಳಿ ಹೋದಳು. "ಮಗಾ, ರಾಜರ ಮುಂದೆ ಹೀಗೆ ಸೆಟೆದು ನಿಲ್ಲಬಾರದು. ತುಸು ಬಾಗು."

ಗಾಜು ವಿನಯವಂತ. ಬಾಗಿತು. ಓರೆಯಾದ ಪದರಗಳ ಅಳತೆ ಬದಲಾಯಿತು. ಮೊದಲು ಹಸಿರು ಬಂತು. ಇನ್ನೂ ಬಾಗಿತು, ನೀಲಿ ಬಂತು. ಆದರೆ ಬಂದದ್ದು ಬರೀ ನೀಲಿ. ಬಿಳಿ ಸೀರೆಯೂ ನೀಲಿ, ಬೂದು ಸೀರೆಯೂ ನೀಲಿ, ರಾಜನ ನರೆತ ಮೀಸೆಯೂ ನೀಲಿ.

ಶೀನಪ್ಪಯ್ಯ ಕಂಗಾಲಾದ. ಎಲ್ಲಿ ನೋಡಿದರೂ ಹೆಂಡತಿ, ಬೀದಿ ತುಂಬ ಹೆಂಡತಿ. ನಡುಬೀದಿಯಲ್ಲಿ ಕುಸಿದು ಕೂತ. ನಾಚಿಕೆ ಬಿಟ್ಟು, ಮದುವೆಯಾದ ಮೇಲೆ ಮೊದಲ ಸಲ ಕರೆದ.

"ತುಂಗಾ, ಎಲ್ಲಿದ್ದೀಯೇ?"

ಒಬ್ಬಳೇ ತಿರುಗಿದಳು. "ಇಲ್ಲೇ ಇದೀನಿ ಕಣ್ರೀ," ಎಂದಳು. ತನ್ನ ಹೆಸರು ಇಷ್ಟು ಚೆನ್ನಾಗಿದೆಯೆಂದು ಆಕೆಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ.

ಚಿತ್ರಾನ್ನ ಆ ದಿನ ಕಪ್ಪಾಗಿತ್ತು. ರಾಜ ಕಣ್ಣು ಮುಚ್ಚಿ ತಿಂದ, ಎರಡನೇ ಸಲ ಹಾಕಿಸಿಕೊಂಡ. ಹಾಗಾಗಿ ಕತೆಯ ನೀತಿ: ಚಿತ್ರಾನ್ನವನ್ನು ಕಣ್ಣು ಮುಚ್ಚಿ ತಿನ್ನಿ, ಹೆಂಡತಿಯನ್ನು ಹೆಸರು ಹಿಡಿದು ಕರೆಯಿರಿ. ಅವರಿಬ್ಬರೂ ಅಲ್ಲಿ ಚಿರೋಟಿ ತಿಂದರು, ನಾವು ಇಲ್ಲಿ ಬರೀ ಕತೆ ಕೇಳಿದೆವು.