ಲೊಚಗುಟ್ಟದ ಹಲ್ಲಿ

ನರಿಯ ಜಾಹೀರಾತು ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ಬರೆದ ಸಾಲನ್ನು ಗಿರಾಕಿಯ ಮುಂದೆ ಗಟ್ಟಿಯಾಗಿ ಓದಬೇಕು, ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಬೇಕು. ಹಲ್ಲಿ ಲೊಚಗುಟ್ಟಿದ ಮಾತು ನಿಜವೆಂದು ಎಲ್ಲರೂ ನಂಬುತ್ತಿದ್ದುದರಿಂದ ಕಂಪನಿಗೆ ಒಳ್ಳೆಯ ಹೆಸರಿತ್ತು.

ಒಂದು ದಿನ ಕೊಕ್ಕರೆ ಬಂದು, ತಾನು ಮೀನುಮರಿಗಳಿಗೆ ವಸತಿಶಾಲೆ ತೆರೆದಿದ್ದೇನೆ ಎಂದಿತು. ನರಿ ಕೂಡಲೇ ಬರೆದು ಓದಿತು: “ಕೊಕ್ಕರೆಯ ವಸತಿಶಾಲೆ, ತಾಯಿಯ ಮಡಿಲಷ್ಟೇ ಕ್ಷೇಮ.”

ಹಲ್ಲಿ ಸುಮ್ಮನಿತ್ತು. ನರಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಓದಿತು. ಹಲ್ಲಿ ಬಾಯಿ ಬಿಗಿಹಿಡಿಯಿತು. ಗಿರಾಕಿಯ ಕೊಕ್ಕಿಗೆ ಮೀನಿನ ಹುರುಪೆಯೊಂದು ಇನ್ನೂ ಅಂಟಿಕೊಂಡಿದ್ದುದು ಅದಕ್ಕೆ ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು.

ನರಿ ಮೇಜು ಹತ್ತಿ ಹಲ್ಲಿಯ ಬಾಲ ಹಿಡಿಯಿತು. “ಲೊಚಗುಟ್ಟು. ಇಲ್ಲದಿದ್ದರೆ ಇದನ್ನು ಬಿಡುವುದಿಲ್ಲ.”

“ಬಾಲ ತಾವೇ ಇಟ್ಟುಕೊಳ್ಳಿ, ಸ್ವಾಮಿ,” ಎಂದು ಹಲ್ಲಿ ಅದನ್ನು ಕಳಚಿ ಕೊಟ್ಟು ಸೂರಿಗೆ ಏರಿತು.

ಕೊಕ್ಕರೆ ಮುಖ ಗಂಟಿಕ್ಕಿಕೊಂಡು ಎದ್ದುಹೋಯಿತು. ನರಿ ಒದ್ದಾಡುತ್ತಿದ್ದ ಬಾಲವನ್ನು ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದು ಕೂತಿತು.

“ನಿನ್ನನ್ನು ಇಟ್ಟುಕೊಂಡರೆ ಇಲ್ಲಿ ಒಂದು ಸುಳ್ಳನ್ನೂ ಮಾರುವಂತಿಲ್ಲ,” ಎಂದು ಗೊಣಗಿತು.

ಸೂರಿನಿಂದ ಹಲ್ಲಿ ಲೊಚಗುಟ್ಟಿತು.